ತಳ್ಳುಗಾಡಿಯ ಲಾ ಮಾಮಾ

1962ರ ಸುಮಾರಿಗೆ ನ್ಯೂಯಾರ್ಕಿನ ಈಸ್ಟ್ ನೈಂತ್ ಸ್ಟ್ರೀಟಿನ 321ನೇ ನಂಬರಿನ ಕಟ್ಟಡಕ್ಕೆ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಒಬ್ಬ ಸಮನ್ಸ್ ಹಿಡಿದು ಬಂದನಂತೆ. ಮೇಲಿನ ಮನೆಗಳವರು ದೂರು ಕೊಟ್ಟಿದ್ದರು. ಕೆಳಗಿನ ನೆಲಮಾಳಿಗೆಗೆ ಒಬ್ಬ ಕಪ್ಪು ಹೆಂಗಸು ಬಾಡಿಗೆಗೆ ಬಂದಿದ್ದಾಳೆ, ಬಿಳಿ ಹುಡುಗರು ಹೊತ್ತುಗೊತ್ತಿಲ್ಲದೆ ಹೋಗಿಬರ್ತಾರೆ, ಅದು ಸೂಳೆಮನೆಯೇ ಇರಬೇಕು ಅಂತ. ಆ ಹುಡುಗರು ಮಾಡುತ್ತಿದ್ದದ್ದು ಕಸ ಎತ್ತಿ, ನೆಲ ಸರಿಮಾಡಿ, ನಾಟಕಕ್ಕೆ ಜಾಗ ಮಾಡೋ ಕೆಲಸ. ಬಂದ ಇನ್ಸ್‌ಪೆಕ್ಟರ್ ಹಿಂದೊಮ್ಮೆ ವಾಡೆವಿಲ್‌ನಲ್ಲಿ, ಅಂದರೆ ಹಾಡು-ಕುಣಿತ-ಹಾಸ್ಯದ ರಂಗಮಂಚದಲ್ಲಿ, ಇದ್ದವನು. ದಂಡ ಹಾಕುವ ಬದಲು ಉಪಾಯ ಹೇಳಿಕೊಟ್ಟ: ಥಿಯೇಟರ್ ಲೈಸೆನ್ಸ್ ಸಿಗೋದು ಕಷ್ಟ, ಹೋಟೆಲ್ ಲೈಸೆನ್ಸ್ ತಗೋ, ಕಾಫಿ ಮಾರು. ಗೆಳೆಯರೆಲ್ಲ ಆಕೆಯನ್ನು 'ಮಾಮಾ' ಅಂತಿದ್ದರು, ಅದಕ್ಕೊಂದು 'ಲಾ' ಸೇರಿತು. ಹೀಗೆ ಹುಟ್ಟಿದ್ದು ಕೆಫೆ ಲಾ ಮಾಮಾ.

ಇದು ಎಲೆನ್ ಸ್ಟೀವರ್ಟ್ ತಾನೇ ಹೇಳುತ್ತಿದ್ದ ಕತೆ. ತನ್ನ ಬಗ್ಗೆ ಆಕೆ ಹೇಳುತ್ತಿದ್ದ ಕತೆಗಳು ಒಂದೊಂದು ಸಲ ಒಂದೊಂದು ಥರ ಇರುತ್ತಿದ್ದವು, ಬಾಲ್ಯದ ವಿಷಯದಲ್ಲಂತೂ ಇನ್ನೂ ಹೆಚ್ಚು. ಹುಟ್ಟಿದ್ದು 1919ರಲ್ಲಿ. 1950ರಲ್ಲಿ ಫ್ಯಾಶನ್ ಡಿಸೈನ್ ಕಲಿಯುವ ಆಸೆಯಿಂದ ನ್ಯೂಯಾರ್ಕಿಗೆ ಬಂದಳು. ಸಿಕ್ಕಿದ್ದು ಸ್ಯಾಕ್ಸ್ ಫಿಫ್ತ್ ಅವೆನ್ಯೂ ಎಂಬ ಶ್ರೀಮಂತರ ಅಂಗಡಿಯಲ್ಲಿ ಚಿಲ್ಲರೆ ಕೆಲಸ. ಕಪ್ಪು ನೌಕರರು ನೀಲಿ ಮೇಲಂಗಿ ಹಾಕಿಕೊಳ್ಳಬೇಕಿತ್ತು. ಎಲೆನ್ ಅದರ ಒಳಗೆ ತಾನೇ ಹೊಲಿದ ಬಟ್ಟೆ ಹಾಕಿಕೊಂಡು ಬರುತ್ತಿದ್ದಳು. ಊಟಕ್ಕೆ ಹೋಗುವಾಗ ಮೇಲಂಗಿ ತೆಗೆದರೆ ಗಿರಾಕಿಗಳ ಕಣ್ಣು ಅವಳ ಬಟ್ಟೆ ಮೇಲೆ. ಮುಂದೆ ಅದೇ ಅಂಗಡಿಯಲ್ಲಿ ಡಿಸೈನರ್ ಆದಳು.

ಭಾನುವಾರಗಳಂದು ಲೋಯರ್ ಈಸ್ಟ್ ಸೈಡ್ ಕಡೆ ಸುತ್ತಾಡಲು ಹೋದಾಗ ಅಬ್ರಹಾಂ ಡೈಮಂಡ್ ಎಂಬ ಯಹೂದಿ ಬಟ್ಟೆ ವ್ಯಾಪಾರಿಯ ಪರಿಚಯವಾಯಿತು. ಆತ ಅವಳಿಗೆ ಹೊಲಿಯಲು ಬಟ್ಟೆ ಕೊಡುತ್ತಿದ್ದ, ಆಕೆ ಅವನನ್ನು ಪಾಪಾ ಅನ್ನುತ್ತಿದ್ದಳು. ಪ್ರತಿಯೊಬ್ಬರಿಗೂ ಒಂದು ತಳ್ಳುಗಾಡಿ ಇರಬೇಕು, ಅದನ್ನು ಬೇರೆಯವರಿಗೋಸ್ಕರ ತಳ್ಳಿದರೆ ನಿನ್ನ ಗಾಡಿಯೂ ಮುಂದೆ ಹೋಗುತ್ತೆ ಅನ್ನೋದು ಅವನ ಬುದ್ಧಿಮಾತಿನ ಸಾರ. ಲಾ ಮಾಮಾದ ಗುರುತಾಗಿ ತಳ್ಳುಗಾಡಿಯ ಚಕ್ರ ಬಂದದ್ದು ಅಲ್ಲಿಂದ.

ನನಗೆ ಈ ಹೆಂಗಸಿನ ಮೇಲೆ ಕುತೂಹಲ ಹುಟ್ಟಿದ್ದೇ ಇಲ್ಲಿ. ಆಕೆಗೆ ನಾಟಕದ ಗಂಧವೇ ಇರಲಿಲ್ಲ. ನಾಟಕ ಬರೆಯುತ್ತಿದ್ದ ಸಾಕುಅಣ್ಣ ಫ್ರೆಡ್ರಿಕ್ ಲೈಟ್ಸ್‌ಗೆ ಬ್ರಾಡ್‌ವೇಯಲ್ಲಿ ಆದ ಅವಮಾನ ಕಂಡು, ಅವನಿಗೂ ಗೆಳೆಯ ಪಾಲ್ ಫೋಸ್ಟರ್‌ಗೂ ಒಂದು ಜಾಗ ಇರಲಿ ಅಂತ ನೆಲಮಾಳಿಗೆ ಹಿಡಿದಳು. ಹಗಲು ಬಟ್ಟೆ ಡಿಸೈನ್ ಮಾಡೋದು, ಬಂದ ದುಡ್ಡನ್ನು ರಾತ್ರಿಯ ನಾಟಕಕ್ಕೆ ಸುರಿಯೋದು. ನಾವು ಸಂಬಳದವರು 'ಪ್ಯಾಶನ್ ಪ್ರಾಜೆಕ್ಟ್' ಅಂತ ಕರೆದು ಮೂರು ತಿಂಗಳಿಗೆ ಬಿಟ್ಟುಬಿಡುವ ಕೆಲಸವನ್ನು ಈಕೆ ಐವತ್ತು ವರ್ಷ ಮಾಡಿದಳು.

ಇನ್ನೊಂದು ವಿಚಿತ್ರ, ಆಕೆ ಸ್ಕ್ರಿಪ್ಟ್ ಓದುತ್ತಿರಲಿಲ್ಲ. ಎದುರಿಗೆ ಕೂತ ಮನುಷ್ಯನನ್ನು ನೋಡಿ, ಒಳಗೆ ಏನಾದರೂ 'ಕ್ಲಿಕ್' ಆದರೆ ದಿನಾಂಕ ಕೊಟ್ಟುಬಿಡುತ್ತಿದ್ದಳು. ನಮ್ಮ ಆಫೀಸುಗಳಲ್ಲಿ ಹೀಗೆ ಕೆಲಸಕ್ಕೆ ತಗೊಂಡರೆ ಎಚ್‌ಆರ್‌ನವರು ಎದೆ ಹಿಡ್ಕೊಳ್ತಾರೆ. ಆದರೆ ಆ ಕ್ಲಿಕ್‌ನ ಪಟ್ಟಿ ನೋಡಿ: ಸ್ಯಾಮ್ ಶೆಪರ್ಡ್, ಲ್ಯಾನ್‌ಫರ್ಡ್ ವಿಲ್ಸನ್, 'ಹೇರ್' ಅನ್ನು ಬ್ರಾಡ್‌ವೇಗೆ ತಂದ ನಿರ್ದೇಶಕ ಟಾಮ್ ಓಹಾರ್ಗನ್. ಹಾರ್ವಿ ಫೈರ್‌ಸ್ಟೀನ್ ಸಲಿಂಗಿಗಳ ಬದುಕಿನ ಬಗ್ಗೆ ಬರೆದ ನಾಟಕ 1978ರಲ್ಲಿ ಇಲ್ಲಿ ರಂಗಕ್ಕೆ ಬಂತು. ಅದನ್ನೂ ಒಳಗೊಂಡ ನಾಟಕತ್ರಯಕ್ಕೆ 1983ರಲ್ಲಿ ಟೋನಿ ಪ್ರಶಸ್ತಿ ಸಿಕ್ಕಿತು. ಪಟ್ಟಿಯಲ್ಲಿ ಇಲ್ಲದವರು, ಕ್ಲಿಕ್ ಆಗಿಯೂ ನಾಲ್ಕು ರಾತ್ರಿಗೆ ಮುಗಿದುಹೋದವರು ನೂರಾರು. ಅದಕ್ಕೆ ಎಲೆನ್ ತಲೆಕೆಡಿಸಿಕೊಂಡಂತಿಲ್ಲ. ಕೆಟ್ಟ ನಾಟಕ ಆಡುವ ಹಕ್ಕೂ ಸಿಗಬೇಕಲ್ಲ.

ಎಲ್ಲವೂ ಚಂದವಿರಲಿಲ್ಲ. ನಟರಿಗೆ ಸಂಬಳವಿಲ್ಲ, ಪ್ರೇಕ್ಷಕರ ಮುಂದೆ ಬುಟ್ಟಿ ಹಿಡಿದು ಬಂದದ್ದೇ ಸಂಪಾದನೆ. 1966ರಲ್ಲಿ ನಟರ ಸಂಘ ಆಕ್ಷೇಪ ಎತ್ತಿ, ತನ್ನ ಸದಸ್ಯರು ಬಿಟ್ಟಿ ಅಭಿನಯಿಸುವಂತಿಲ್ಲ ಅಂದಿತು. ಕೊನೆಗೆ ವಿನಾಯಿತಿ ಸಿಕ್ಕಿ ಲಾ ಮಾಮಾ ಉಳಿಯಿತು. ಎಲೆನ್ ಪರ ಬರೆದವರೆಲ್ಲ ಸಂಘವನ್ನು ಖಳನಾಯಕನಂತೆ ಚಿತ್ರಿಸುತ್ತಾರೆ. ನನಗೆ ಹಾಗನ್ನಿಸಲ್ಲ. ಕಲೆಯ ಹೆಸರಲ್ಲಿ ಬಿಟ್ಟಿ ದುಡಿಸಿಕೊಳ್ಳೋದು ಯಾವ ಊರಿಗೂ ಹೊಸದಲ್ಲ. ಇಲ್ಲಿನ ವ್ಯತ್ಯಾಸ ಇಷ್ಟೇ, ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುತ್ತಿದ್ದವಳು ಯಜಮಾನಿಯೇ.

ನ್ಯೂಯಾರ್ಕಿನ ವಿಮರ್ಶಕರು ಮೊದಮೊದಲು ನೆಲಮಾಳಿಗೆ ಕಡೆ ಸುಳಿಯುತ್ತಿರಲಿಲ್ಲ. ವಿಮರ್ಶೆ ಬಾರದೆ ನಾಟಕ ಅಚ್ಚಾಗಲ್ಲ. ಸರಿ, 1965ರಲ್ಲಿ ತಂಡಗಳನ್ನು ಪ್ಯಾರಿಸ್, ಕೋಪನ್‌ಹೇಗನ್‌ಗೆ ಕಳಿಸಿದಳು. ಅಲ್ಲಿನ ಪತ್ರಿಕೆಗಳು ಬರೆದವು, ಆಮೇಲೆ ಇಲ್ಲಿಯವರಿಗೂ ಕಣ್ಣು ಬಿಟ್ಟಿತು. ಅತ್ತ ಯುರೋಪಿನಿಂದ ಗ್ರೊಟೊವ್‌ಸ್ಕಿ, ಕಾಂಟೋರ್, ಆಂಡ್ರೆ ಶೆರ್ಬಾನ್ ಇವರೆಲ್ಲ ಆಕೆಯ ಬಾಗಿಲಿಗೆ ಬಂದರು.

ಅದು ಕಪ್ಪು ರಂಗಭೂಮಿಯ ಚಳವಳಿ ಕಾವೇರಿದ್ದ ಕಾಲವೂ ಹೌದು. 1965ರಲ್ಲಿ ಅಮಿರಿ ಬರಾಕಾ ಹಾರ್ಲೆಮ್‌ನಲ್ಲಿ ತನ್ನದೇ ಥಿಯೇಟರ್ ತೆರೆದ, 1967ರಲ್ಲಿ ಡಗ್ಲಸ್ ಟರ್ನರ್ ವಾರ್ಡ್ ಮತ್ತು ಗೆಳೆಯರು ನೀಗ್ರೋ ಎನ್‌ಸೆಂಬಲ್ ಕಂಪನಿ ಕಟ್ಟಿದರು. ಎಲೆನ್ ಮಾತ್ರ ಲಾ ಮಾಮಾಗೆ ಆ ಬೋರ್ಡು ಹಾಕಲಿಲ್ಲ. ಏಡ್ರಿಯನ್ ಕೆನಡಿ, ಎಡ್ ಬುಲಿನ್ಸ್ ಥರದ ಕಪ್ಪು ನಾಟಕಕಾರರಿಗೆ ಅಲ್ಲಿ ಜಾಗವಿತ್ತು, ಬಿಳಿ ಹುಡುಗರಿಗೂ ಇತ್ತು. ಇದು ಹೋರಾಟದಿಂದ ನುಣುಚಿಕೊಂಡದ್ದಾ? ನಾನು ಹಾಗೆ ಓದಲ್ಲ. ಯಾರಿಗೆ ವೇದಿಕೆ ಕೊಡಬೇಕು ಅನ್ನೋ ಅಧಿಕಾರ ಆವರೆಗೆ ಯಾವ ಕಪ್ಪು ಹೆಂಗಸಿನ ಕೈಗೆ ಸಿಕ್ಕಿತ್ತು? ಒಂದೂರಿನ ಎಲ್ಲ ಬಣ್ಣದವರಿಗೂ ಈಕೆ ಅದನ್ನು ಹಂಚಿದಳು.

1969ರಲ್ಲಿ 74ಎ ಈಸ್ಟ್ ಫೋರ್ತ್ ಸ್ಟ್ರೀಟಿನಲ್ಲಿ ಖಾಯಂ ಕಟ್ಟಡವಾಯಿತು, 1974ರಲ್ಲಿ ಪಕ್ಕದಲ್ಲೇ ಇನ್ನೊಂದು ದೊಡ್ಡ ರಂಗಮಂದಿರ. ಮುಂದೆ ಆಕೆ ತಾನೇ ನಿರ್ದೇಶನಕ್ಕೆ ಇಳಿದಳು, ಗ್ರೀಕ್ ಪುರಾಣಗಳನ್ನು ಹಾಡು-ಕುಣಿತದ ಪ್ರಯೋಗಗಳಾಗಿ ಕಟ್ಟಿದಳು. 1985ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ಆ ದುಡ್ಡಲ್ಲಿ ಇಟಲಿಯ ಸ್ಪೊಲೆಟೊ ಹತ್ತಿರದ ಹಳೇ ಮಠವೊಂದನ್ನು ಕೊಂಡು, ಅದನ್ನೂ ಕಲಾವಿದರಿಗೇ ಬಿಟ್ಟುಕೊಟ್ಟಳು. ನಿವೃತ್ತಿಗೆ ಅಂತ ಇಟ್ಟುಕೊಳ್ಳಬೇಕು ಅನ್ನೋ ಯೋಚನೆ ಆಕೆಗೆ ಬಂದಂತೆ ಕಾಣಲ್ಲ.

ಪ್ರದರ್ಶನಕ್ಕೆ ಮುಂಚೆ ಎಲೆನ್ ಕೈಯಲ್ಲೊಂದು ಗಂಟೆ ಹಿಡಿದು ಪ್ರೇಕ್ಷಕರ ಮುಂದೆ ಬರುತ್ತಿದ್ದಳು. ಗಂಟೆ ಬಾರಿಸಿ, ಲಾ ಮಾಮಾಗೆ ಸ್ವಾಗತ ಕೋರಿ ಪಕ್ಕಕ್ಕೆ ಸರಿದರೆ ನಾಟಕ ಶುರು. ಕೂದಲು ಬೆಳ್ಳಿಯಾದ ಮೇಲೂ ಇದು ನಡೆದೇ ಇತ್ತು. 2009ರಲ್ಲಿ ಆ ದೊಡ್ಡ ರಂಗಮಂದಿರಕ್ಕೆ ಅವಳ ಹೆಸರೇ ಇಟ್ಟರು. 2011ರ ಜನವರಿ 13ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡಳು. ವರ್ಷಗಟ್ಟಲೆ ಆಕೆಯ ಮನೆ ಇದ್ದದ್ದು ಫೋರ್ತ್ ಸ್ಟ್ರೀಟಿನ ಅದೇ ಕಟ್ಟಡದಲ್ಲಿ, ರಂಗಮಂಚದ ಮೇಲಿನ ಮಹಡಿಯಲ್ಲಿ.