ನನಗೆ ಮಳೆನೀರು ಹಂಚಿದ ದ್ವೀಪಗಳು

ನನ್ನ ಅಧ್ಯಾಪನ ವೃತ್ತಿಯ ಕೆಲವು ವರ್ಷಗಳು ಮಾಲ್ಡೀವ್ಸ್ ದೇಶದಲ್ಲಿ ಕಳೆದವೆಂಬುದು ನನ್ನ ಬಂಧುಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ತಿಳಿದ ಸಂಗತಿ. ಆ ದೇಶವೆಂದರೆ ಇಂದು ಎಲ್ಲರಿಗೂ ಪ್ರವಾಸದ ಜಾಹೀರಾತಿನ ನೀಲಿ ಕಡಲು ನೆನಪಾಗುತ್ತದೆ. ನನಗೆ ನೆನಪಾಗುವುದು ಕುಡಿಯುವ ನೀರು.

ಸುಮಾರು 1,200 ಹವಳದ ದ್ವೀಪಗಳ ನಾಡು ಅದು. ಜನವಸತಿಯಿರುವುದು ಇನ್ನೂರರಷ್ಟರಲ್ಲಿ ಮಾತ್ರ. ನೆಲದ ಸರಾಸರಿ ಎತ್ತರ ಸಮುದ್ರಮಟ್ಟದಿಂದ ಒಂದೂವರೆ ಮೀಟರು. ನದಿಯಿಲ್ಲ, ಬೆಟ್ಟವಿಲ್ಲ. ಅವರ ದಿವೇಹಿ ಭಾಷೆ ಸಿಂಹಳಕ್ಕೆ ಹತ್ತಿರದ್ದು. ಲಿಪಿ ಬಲದಿಂದ ಎಡಕ್ಕೆ ಸಾಗುತ್ತದೆ. ಆದರೂ ಕನ್ನಡಿಗನ ಕಿವಿಗೆ ಅದು ಪೂರ್ತಿ ಅಪರಿಚಿತವಲ್ಲ. ನಮ್ಮ ದೋಣಿ ಅವರಿಗೂ ದೋಣಿಯೇ. ನಮ್ಮ ‘ರಾಜ್ಯ’ ಅವರ ಬಾಯಲ್ಲಿ ‘ರಾಜ್ಜೆ’.

ನಾನಿದ್ದ ದ್ವೀಪದಲ್ಲಿ ಬಾವಿಯ ನೀರು ಸ್ನಾನಕ್ಕೆ ಮಾತ್ರ ಯೋಗ್ಯವಾಗಿತ್ತು. ಕುಡಿಯಲು ಛಾವಣಿಯಿಂದ ತೊಟ್ಟಿಗಿಳಿದ ಮಳೆನೀರೇ ಗತಿ. ಫೆಬ್ರವರಿ, ಮಾರ್ಚ್ ತಿಂಗಳ ಒಣಹವೆಯಲ್ಲಿ ತೊಟ್ಟಿಗಳು ತಳ ಕಾಣುತ್ತಿದ್ದವು. ಅಂಥ ದಿನಗಳಲ್ಲಿಯೂ ನೆರೆಮನೆಯವರು ಒಂದು ಕೊಡ ನೀರನ್ನು ಪರದೇಶದ ಮೇಷ್ಟರಿಗೆಂದು ತೆಗೆದಿರಿಸುತ್ತಿದ್ದರು. ನಾನು ಬೇಡವೆಂದರೂ ಕೇಳುತ್ತಿರಲಿಲ್ಲ.

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ನಾನು ಊರಿಗೆ ಮರಳಿ ವರ್ಷಗಳಾಗಿದ್ದವು. ಸುಮಾತ್ರಾದ ಬಳಿ ಕಡಲತಳದಲ್ಲಿ ಭೂಮಿ ನಡುಗಿದ ಮೂರು ಗಂಟೆಗಳ ತರುವಾಯ ನೀರು ಆ ದ್ವೀಪಗಳನ್ನು ಮುಟ್ಟಿತು. ಸತ್ತವರೂ ಕಾಣೆಯಾದವರೂ ಸೇರಿ 108 ಮಂದಿ. ನೆರೆಯ ದೇಶಗಳ ಸಾವಿನ ಲೆಕ್ಕದ ಮುಂದೆ ಈ ಸಂಖ್ಯೆ ಚಿಕ್ಕದೆಂದು ಪತ್ರಿಕೆಗಳು ಅದನ್ನು ಒಂದು ಮೂಲೆಯಲ್ಲಿ ಅಚ್ಚು ಹಾಕಿದವು. ಆದರೆ ಅಂದಿನ ಜನಸಂಖ್ಯೆಯೇ ಸುಮಾರು ಮೂರು ಲಕ್ಷ. ನಷ್ಟವು ದೇಶದ ವಾರ್ಷಿಕ ಉತ್ಪನ್ನದ ಶೇ. 62ರಷ್ಟೆಂದು ಅಂದಾಜಾಯಿತು. ಹತ್ತಕ್ಕೂ ಹೆಚ್ಚು ದ್ವೀಪಗಳ ಜನರೆಲ್ಲ ನೆಲೆ ಬಿಟ್ಟು ಹೊರಡಬೇಕಾಯಿತು. ಬಾವಿಗಳಿಗೆ ಉಪ್ಪು ನುಗ್ಗಿತು, ತೊಟ್ಟಿಗಳು ಒಡೆದವು.

ವಿಧಿಯ ವಿಪರ್ಯಾಸವನ್ನು ನೋಡಿರಿ. ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಮಾಲ್ಡೀವ್ಸನ್ನು ಬಿಡುಗಡೆ ಮಾಡುವ ನಿರ್ಣಯವನ್ನು ವಿಶ್ವಸಂಸ್ಥೆ ಅಂಗೀಕರಿಸಿದ್ದು ಅದೇ ಡಿಸೆಂಬರ್ 20ರಂದು. ಆರೇ ದಿನ ಮುಂಚೆ! ಆ ಬಿಡುಗಡೆ ಮುಂದಕ್ಕೆ ಹೋಗಿ, ಕಡೆಗೆ 2011ರ ಜನವರಿ 1ರಂದು ಕೈಗೂಡಿತು.

ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ರಾ ಅಟಾಲಿನ ಕಂದೊಳುದೂ ದ್ವೀಪದ ಕಥೆ. ಮೂರೂವರೆ ಸಾವಿರಕ್ಕೂ ಹೆಚ್ಚು ಜನ ಒತ್ತೊತ್ತಾಗಿ ಬಾಳುತ್ತಿದ್ದ ಆ ಪುಟ್ಟ ನೆಲ ವಾಸಕ್ಕೆ ಅಯೋಗ್ಯವಾಯಿತು. ಜನ ಸುತ್ತಣ ದ್ವೀಪಗಳಿಗೆ ಹಂಚಿಹೋದರು. ಮೊದಲು ಪರಿಚಿತರ ಮನೆಗಳು, ಗುಡಾರಗಳು. ಆಮೇಲೆ ತಾತ್ಕಾಲಿಕ ವಸತಿಗಳು. ಹೀಗೆ ನಾಲ್ಕು ವರ್ಷ. ನಿರ್ಜನವಾಗಿದ್ದ ದುವಾಫರು ದ್ವೀಪದಲ್ಲಿ ರೆಡ್‌ಕ್ರಾಸ್ ಸಂಸ್ಥೆ ಸುಮಾರು 600 ಮನೆಗಳನ್ನೂ ಶಾಲೆಯನ್ನೂ ಕಟ್ಟಿಸಿತು. 2008ರ ಕೊನೆಗೆ ಅವರೆಲ್ಲ ಅಲ್ಲಿ ಮತ್ತೆ ಒಂದೂರಿನವರಾದರು. ಆದರೂ ಹುಟ್ಟಿದ ನೆಲವನ್ನೂ ಹಿರಿಯರ ಗೋರಿಗಳನ್ನೂ ಹಿಂದೆ ಬಿಟ್ಟುಬಂದ ನೋವನ್ನು ಯಾವ ಇಟ್ಟಿಗೆ ತುಂಬೀತು?

ಪುನರ್ನಿರ್ಮಾಣದ ಇತಿಹಾಸ ಬರೆಯುವವರು ನೆರವಿನ ಹಣವನ್ನು ಎಣಿಸುತ್ತಾರೆ. ಎಣಿಸಬೇಕಾದದ್ದೇ. ಆದರೆ ನಾಲ್ಕು ವರ್ಷ ಅನ್ಯದ್ವೀಪದವರೊಡನೆ ಬಾವಿ, ತೊಟ್ಟಿ, ಶಾಲೆಯ ಬೆಂಚುಗಳನ್ನು ಹಂಚಿಕೊಂಡದ್ದು ಯಾವ ಲೆಕ್ಕಪುಸ್ತಕಕ್ಕೂ ಸಿಗುವುದಿಲ್ಲ. ಇಕ್ಕಟ್ಟಿನಲ್ಲಿ ಮನಸ್ತಾಪಗಳೂ ಇದ್ದಿರಬಹುದು. ನೆಂಟರಾದರೂ ನಾಲ್ಕು ವರ್ಷ ದೀರ್ಘವೇ. ಆದರೂ ಆ ನಾಡು ಮತ್ತೆ ಎದ್ದು ನಿಂತದ್ದರಲ್ಲಿ ಈ ಹಂಚಿ ಬಾಳುವ ಗುಣಕ್ಕೆ ದೊಡ್ಡ ಪಾಲಿದೆಯೆಂದೇ ನನ್ನ ನಂಬಿಕೆ. ಒಂದು ಕೊಡ ನೀರಿನಲ್ಲಿ ನಾನದನ್ನು ಮೊದಲೇ ಕಂಡಿದ್ದೆ.

ನಮ್ಮ ದೇಶವೂ ಸುಮ್ಮನಿರಲಿಲ್ಲ. ಸುನಾಮಿಯ ಬೆನ್ನಲ್ಲೇ ನೆರವಿಗೆ ಧಾವಿಸಿದ ನಮ್ಮ ಯುದ್ಧನೌಕೆಗಳಲ್ಲೊಂದರ ಹೆಸರು ‘ಐ.ಎನ್.ಎಸ್. ಮೈಸೂರು’. ಅದನ್ನು ಓದಿದಾಗ ನನ್ನ ಕಣ್ಣು ತೇವವಾಯಿತು. 2014ರ ಡಿಸೆಂಬರಿನಲ್ಲಿ ರಾಜಧಾನಿ ಮಾಲೆಯ ನೀರು ಶುದ್ಧೀಕರಣ ಘಟಕಕ್ಕೆ ಬೆಂಕಿ ಬಿದ್ದಾಗಲೂ ಭಾರತದಿಂದ ವಿಮಾನ, ಹಡಗುಗಳಲ್ಲಿ ಕುಡಿಯುವ ನೀರು ಹೋಯಿತು. ನಾನು ಕುಡಿದ ನೀರಿನ ಋಣದಲ್ಲಿ ಒಂದು ಹನಿ ಸಂದಿತೆನಿಸಿತು.

ನನ್ನ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಈಗ ಪರದೇಶಗಳಲ್ಲಿದ್ದೀರಿ. ನಿಮಗೆ ಅನ್ನ, ನೀರು ಕೊಟ್ಟ ನಾಡಿಗೆ ಕಷ್ಟ ಬಂದ ದಿನ ಅದನ್ನು ಬರಿಯ ಸುದ್ದಿಯಾಗಿ ಓದಬೇಡಿ. ಅಲ್ಲಿನ ಪರಿಚಿತರಿಗೆ ಒಂದು ಪತ್ರವನ್ನಾದರೂ ಬರೆಯಿರಿ.