ದೀಪ್ತಿ ಜೀವಾಂಜಿ: ಒಂದು ಓಟದ ಪೂರ್ವೇತಿಹಾಸ

ತೆಲಂಗಾಣದ ವರಂಗಲ್ ಜಿಲ್ಲೆಯ ಕಲ್ಲೆಡ ಗ್ರಾಮದ ದೀಪ್ತಿ ಜೀವಾಂಜಿಯವರು 400 ಮೀಟರ್ ಓಡುವುದು ‘ಟಿ20’ ವರ್ಗದಲ್ಲಿ. ಬೌದ್ಧಿಕ ನ್ಯೂನತೆಯುಳ್ಳವರಿಗೆ ಮೀಸಲಾದ ವರ್ಗವದು. ಅವರ ಸಾಧನೆಯನ್ನು ತೂಗುವ ಮುನ್ನ ಆ ವರ್ಗದ ಇತಿಹಾಸವನ್ನು ಅರಿಯುವುದು ಉಚಿತ.

2000ದ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಬೌದ್ಧಿಕ ನ್ಯೂನತೆಯುಳ್ಳವರ ಬ್ಯಾಸ್ಕೆಟ್‌ಬಾಲ್ ಸ್ಪರ್ಧೆಯನ್ನು ಗೆದ್ದ ಸ್ಪೇನ್ ತಂಡದ 12 ಮಂದಿಯಲ್ಲಿ 10 ಮಂದಿಗೆ ಅಂಥ ನ್ಯೂನತೆಯೇ ಇರಲಿಲ್ಲವೆಂಬುದು ಬಯಲಾಯಿತು. ವಂಚಿಸಿದವರು ಕೆಲವರು, ದಂಡ ತೆತ್ತವರು ಎಲ್ಲರೂ. 2004 ಮತ್ತು 2008ರ ಪದಕ ಸ್ಪರ್ಧೆಗಳಿಂದ ಇವರೆಲ್ಲರನ್ನೂ ಹೊರಗಿಡಲಾಯಿತು. ಅರ್ಹತೆಯ ಪರೀಕ್ಷಾಕ್ರಮವನ್ನು ಬಿಗಿಗೊಳಿಸಿದ ಬಳಿಕ 2012ರಲ್ಲಿ ಲಂಡನ್ನಿನಲ್ಲಿ ಮರುಪ್ರವೇಶ ದೊರೆಯಿತು; 2016ರಲ್ಲಿ ರಿಯೊದಲ್ಲಿ ಟಿ20 ವರ್ಗದ 400 ಮೀಟರ್ ಓಟವೂ ನಡೆಯಿತು.

ಹೀಗೆ ತೆರೆದ ಹಾದಿಯಲ್ಲಿ ದೀಪ್ತಿಯವರು ಬಂದರು. 2023ರಲ್ಲಿ ಹಾಂಗ್‌ಝೌನ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. 2024ರ ಮೇ ತಿಂಗಳಲ್ಲಿ ಜಪಾನಿನ ಕೋಬೆಯಲ್ಲಿ 55.07 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆಯೊಡನೆ ವಿಶ್ವವಿಜೇತೆಯಾದರು. ಪ್ಯಾರಿಸ್ಸಿನ ಅರ್ಹತಾ ಸುತ್ತಿನಲ್ಲಿ ಟರ್ಕಿಯ ಐಸೆಲ್ ಒಂಡರ್ ಆ ದಾಖಲೆಯನ್ನು ಮುರಿದರು. ಅದೇ ಸೆಪ್ಟೆಂಬರ್ 3ರ ಅಂತಿಮ ಓಟದಲ್ಲಿ ದೀಪ್ತಿಯವರಿಗೆ 55.82 ಸೆಕೆಂಡುಗಳ ಕಂಚು ಸಂದಿತು. ಬೌದ್ಧಿಕ ನ್ಯೂನತೆಯುಳ್ಳ ಭಾರತೀಯರೊಬ್ಬರಿಗೆ ದೊರೆತ ಮೊದಲ ಪ್ಯಾರಾಲಿಂಪಿಕ್ಸ್ ಪದಕವಿದು.

ಅನ್ಯರ ಮೋಸಕ್ಕಾಗಿ ವಿಧಿಸಿದ ಆ ನಿಷೇಧವು ಮುಂದುವರಿದಿದ್ದಲ್ಲಿ, ಕಲ್ಲೆಡದ ಈ ಓಟಗಾರ್ತಿಗೆ ಪ್ಯಾರಿಸ್ಸಿನ ಬಾಗಿಲು ತೆರೆಯುತ್ತಿರಲಿಲ್ಲ.