ಈರೀ ಕಾಲುವೆಯ ಎಂಜಿನಿಯರುಗಳು

ಅಮೆರಿಕದ ಸಂಯುಕ್ತ ಸಂಸ್ಥಾನಗಳು ಸ್ವಾತಂತ್ರ್ಯವನ್ನು ಘೋಷಿಸಿ ನಾಲ್ವತ್ತೊಂದು ವರ್ಷಗಳು ಸಂದ ದಿನ, ಎಂದರೆ 1817ರ ಜುಲೈ 4ರಂದು, ನ್ಯೂಯಾರ್ಕ್ ಸಂಸ್ಥಾನದ ರೋಮ್ ಎಂಬ ಊರಿನ ಬಳಿ ಮೊದಲ ಗುದ್ದಲಿ ನೆಲಕ್ಕೆ ಬಿದ್ದಾಗ, ಹಡ್ಸನ್ ನದಿಯಿಂದ ಈರೀ ಸರೋವರದವರೆಗೆ 363 ಮೈಲಿಗಳ ಕಾಲುವೆಯನ್ನು ತೋಡಿಸಲು ಹೊರಟ ಮುಖ್ಯಸ್ಥರಲ್ಲಿ ಆ ವಿದ್ಯೆಯನ್ನು ಶಾಸ್ತ್ರೋಕ್ತವಾಗಿ ಕಲಿತವನು ಒಬ್ಬನೂ ಇರಲಿಲ್ಲ.

ಕರಾವಳಿಗೂ ಪಶ್ಚಿಮದ ವಿಶಾಲವಾದ ಬಯಲುಗಳಿಗೂ ನಡುವೆ ಅಪಲೇಷಿಯನ್ ಪರ್ವತಶ್ರೇಣಿಯು ಅಡ್ಡಗಟ್ಟಿ ನಿಂತಿದ್ದುದರಿಂದ, ಅತ್ತಣ ಧಾನ್ಯವು ಬಂಡಿಗಳಲ್ಲಿ ಇತ್ತ ಬಂದು ಮುಟ್ಟುವುದು ಬಹು ದುಬಾರಿಯಾಗಿದ್ದಿತು. ಹಿಟ್ಟಿನ ವ್ಯಾಪಾರದಲ್ಲಿ ದಿವಾಳಿಯೆದ್ದು ಸಾಲಗಾರರ ಸೆರೆಮನೆಯನ್ನು ಸೇರಿದ ಜೆಸ್ಸೆ ಹಾಲಿ ಎಂಬಾತನು ಅಲ್ಲಿಂದಲೇ ಹದಿನಾಲ್ಕು ಲೇಖನಗಳನ್ನು ಬರೆದು ಜಲಮಾರ್ಗವೊಂದನ್ನು ಪ್ರತಿಪಾದಿಸಿದನು. ಅಧ್ಯಕ್ಷ ಜೆಫರ್ಸನ್ನನಿಗೆ ಆ ವಿಚಾರವು ಹುಚ್ಚಿಗೆ ಸಮೀಪವಾದುದಾಗಿ ತೋರಿತು. ಅವನ ತರುವಾಯ ಬಂದ ಮ್ಯಾಡಿಸನ್ ಕೇಂದ್ರದ ಧನಸಹಾಯದ ಮಸೂದೆಯನ್ನು ತಳ್ಳಿಹಾಕಿದನು. ಕಡೆಗೆ ರಾಜಕಾರಣಿ ಡಿ ವಿಟ್ ಕ್ಲಿಂಟನ್ನನ ಛಲದಿಂದ ನ್ಯೂಯಾರ್ಕ್ ಸಂಸ್ಥಾನವೊಂದೇ ಆ ಭಾರವನ್ನು ಹೊತ್ತಿತು.

ನನಗೆ ಕಾಲುವೆಗಿಂತಲೂ ಅದನ್ನು ಕಟ್ಟುತ್ತ ಕಲಿತವರ ಕಥೆಯೇ ಹೆಚ್ಚು ಆದರಣೀಯವಾಗಿದೆ. ಬೆಂಜಮಿನ್ ರೈಟ್, ಜೇಮ್ಸ್ ಗೆಡ್ಡಿಸ್ ಇಬ್ಬರೂ ನ್ಯಾಯಾಧೀಶರಾಗಿದ್ದವರು. ಜಮೀನಿನ ಎಲ್ಲೆಗಳನ್ನು ಅಳೆದ ಅನುಭವವೇ ಅವರ ಬಂಡವಾಳ. ಆದರೂ ಬೇರೆ ಬೇರೆ ದಾರಿಯಲ್ಲಿ ಹತ್ತಾರು ಮೈಲಿ ಮಟ್ಟ ಹಿಡಿದು ಅವರು ಒಂದೆಡೆ ಕೂಡಿದಾಗ, ಇಬ್ಬರ ಲೆಕ್ಕಗಳ ನಡುವೆ ಇದ್ದ ಅಂತರ ಎರಡು ಅಂಗುಲಕ್ಕಿಂತ ಕಡಮೆ! ದಟ್ಟವಾದ ಅರಣ್ಯದಲ್ಲಿ ಮರದ ಬೊಡ್ಡೆಗಳನ್ನು ಬೇರುಸಹಿತ ಕೀಳುವುದಕ್ಕೆ ದೊಡ್ಡ ಗಾಲಿಗಳ ಯಂತ್ರವೊಂದನ್ನು ಅಲ್ಲಿಯೇ ರೂಪಿಸಿದರು; ಏಳು ಮಂದಿ ಆಳುಗಳು ಎಳೆಯುವ ಪಶುಗಳ ನೆರವಿನಿಂದ ದಿನಕ್ಕೆ ಮೂವತ್ತು ನಾಲ್ವತ್ತು ಬೊಡ್ಡೆಗಳನ್ನು ಕಿತ್ತು ಹಾಕುತ್ತಿದ್ದರು. ಕ್ಯಾನ್ವಸ್ ವೈಟ್ ಎಂಬ ತರುಣನು ಬ್ರಿಟನ್ನಿನ ಕಾಲುವೆಗಳ ದಡದಲ್ಲಿ ಕಾಲ್ನಡಿಗೆಯಿಂದಲೇ ಸಂಚರಿಸಿ, ನೋಡಿ, ನಕ್ಷೆ ಬರೆದುಕೊಂಡು ಮರಳಿದನು. ಸಾಧಾರಣವಾದ ಸುಣ್ಣದ ಗಾರೆ ನೀರಿನಲ್ಲಿ ಕರಗುತ್ತಿದ್ದರೆ, ಚಿಟನಾಂಗೊ ಎಂಬಲ್ಲಿ ದೊರೆತ ಸುಣ್ಣಕಲ್ಲನ್ನು ಸುಟ್ಟು ಅರೆದು ಮಾಡಿದ ಗಾರೆ ನೀರೊಳಗೇ ಗಟ್ಟಿಯಾಗುವುದೆಂಬುದನ್ನು ಅವನು ತೋರಿಸಿಕೊಟ್ಟನು. ಅದಿಲ್ಲದಿದ್ದರೆ ದೋಣಿಗಳನ್ನು ಏರಿಸಿ ಇಳಿಸುವ 83 ಜಲದ್ವಾರಗಳಿಗೂ ವಿದೇಶದ ಗಾರೆಯೇ ಗತಿಯಾಗುತ್ತಿದ್ದಿತೋ ಏನೋ.

ಅಗೆದವರ ಹೆಸರುಗಳು ಹೀಗೆ ಉಳಿಯಲಿಲ್ಲ. 1819ರಲ್ಲಿ ಮಾಂಟೆಝೂಮಾದ ಜೌಗಿನಲ್ಲಿ ಸುಮಾರು ಸಾವಿರ ಮಂದಿ ಕೂಲಿಕಾರರು ಜ್ವರಕ್ಕೆ ತುತ್ತಾದರು. ಆ ನೆಲವಾದರೂ ಕೆಲವೇ ದಶಕಗಳ ಹಿಂದೆ ಹೌಡೆನೋಸೌನಿ ಎಂಬ ಮೂಲನಿವಾಸಿ ಜನರದಾಗಿದ್ದಿತು. ಅವರ ಕೈಯಿಂದ ಅದು ಜಾರಿದ ಬಗೆಯನ್ನು ಹೇಳದೆ ಕಾಲುವೆಯ ಕೀರ್ತಿಯನ್ನು ಮಾತ್ರ ಹಾಡುವ ಚರಿತ್ರೆಯನ್ನು ನಾನು ಒಪ್ಪಲಾರೆನು.

1825ರ ಅಕ್ಟೋಬರಿನಲ್ಲಿ ಕಾಲುವೆ ತೆರೆಯಿತು. ಟನ್ನಿಗೆ ಸುಮಾರು 100 ಡಾಲರಿದ್ದ ಸಾಗಣೆಯ ವೆಚ್ಚವು 10 ಡಾಲರಿನ ಸನಿಹಕ್ಕೆ ಇಳಿಯಿತು. ಅಲ್ಲಿ ಕಲಿತ ವಿದ್ಯೆಯೂ ಕಾಲುವೆಯೊಂದಿಗೆ ಮುಗಿಯಲಿಲ್ಲ: ಇದೇ ಕಾಲುವೆಯ ಮೋಜಣಿಯಲ್ಲಿ ಮರ ಕಡಿಯುವ ಆಳಾಗಿ ಸೇರಿದ ಜಾನ್ ಜರ್ವಿಸ್, 1842ರಲ್ಲಿ ನ್ಯೂಯಾರ್ಕ್ ನಗರಕ್ಕೆ ಕುಡಿಯುವ ನೀರನ್ನು ತಂದ ಕ್ರೋಟನ್ ಜಲಮಾರ್ಗದ ಮುಖ್ಯ ಎಂಜಿನಿಯರನಾಗಿದ್ದನು.